ಮನೆಗೆ ಕಳೆ ತರುವುದು ಹೇಗೆ? ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತವರು ಸಿಂಧನೂರು ಕಡೆಯ ಹಳ್ಳಿ. ನನ್ನನ್ನು ಕೊಟ್ಟಿದ್ದು ಕೊಪ್ಪಳಕ್ಕೆ. ತಂಗಿ ಇರುವುದು ಬಳ್ಳಾರಿಯಲ್ಲಿ. ಹೀಗಾಗಿ ಮೂರೂ ಜಿಲ್ಲೆಯ ಮನೆಗಳಲ್ಲಿ ಹಬ್ಬಕ್ಕೆ ತೋರಣ ಕಟ್ಟಿದ್ದೇನೆ, ಗೃಹಪ್ರವೇಶಕ್ಕೆ ಹೋದಲ್ಲೆಲ್ಲ "ಈ ಗೋಡೆಗೆ ಏನು ಹಾಕಲಿ, ಹೇಳ್ರಿ" ಅನ್ನುವ ಮಾತು ಕೇಳಿದ್ದೇನೆ. ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಐಡಿಯಾ ಬೇಕೆಂದು ಫೋನ್ ಹಿಡಿದರೆ ಸಾವಿರ ಫೋಟೋ ಬರುತ್ತವೆ. ಯಾವುದೂ ನಮ್ಮ ಮನೆಗೆ ಹೊಂದುವುದಿಲ್ಲ. ಏನು ಮಾಡಲಿ?

ಹೊಂದದೇ ಇರುವುದಕ್ಕೆ ಕಾರಣ ಇದೆ. ಆ ಫೋಟೋಗಳಲ್ಲಿ ಇರುವ ಬಿಸಿಲು ಬೇರೆ, ನೆಲ ಬೇರೆ. ಮರದ ನೆಲದ ಮೇಲೆ ಚೆಂದ ಕಾಣುವ ಮಾಸಲು ಬಣ್ಣದ ಸೋಫಾ ನಮ್ಮ ಶಾಬಾದಿ ಕಲ್ಲಿನ ನೆಲದ ಮೇಲೆ ಧೂಳು ಕೂತ ಹಾಗೆ ಕಾಣುತ್ತದೆ. ಫೋನ್ ನೋಡಬೇಡಿ ಅನ್ನುವುದಿಲ್ಲ. ಮೊದಲು ಊರು ನೋಡಿ, ಆಮೇಲೆ ಫೋನ್ ನೋಡಿ.

ಹಂಪಿಗೆ ಎಷ್ಟು ಸಲ ಹೋಗಿದ್ದೀರಿ? ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ನಿಂತು ತಲೆ ಎತ್ತಿ ಎಷ್ಟು ಸಲ ನೋಡಿದ್ದೀರಿ? ಚಾವಣಿ ತುಂಬ ಚಿತ್ರಗಳಿವೆ. ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಇದೆ, ಗಿರಿಜಾ ಕಲ್ಯಾಣ ಇದೆ, ಮತ್ಸ್ಯಯಂತ್ರಕ್ಕೆ ಗುರಿ ಇಟ್ಟ ಅರ್ಜುನ ಇದ್ದಾನೆ. ಕತೆ ಒಂದು ಕಡೆ ಇರಲಿ, ಬಣ್ಣ ನೋಡಿ. ಕೆಮ್ಮಣ್ಣಿನ ಕೆಂಪು, ಸುಣ್ಣದ ಬಿಳಿ, ತೆಳ್ಳಗಿನ ಕಪ್ಪು ಗೆರೆ. ಇಷ್ಟರಲ್ಲೇ ಒಂದು ಪಡಸಾಲೆ ಪೂರ್ತಿ ಅಲಂಕರಿಸಬಹುದು. ಹೊಳೆ ದಾಟಿ ಆನೆಗೊಂದಿಗೆ ಬಂದರೆ ಹುಚ್ಚಪ್ಪಯ್ಯನ ಮಠದಲ್ಲೂ ಹಳೆಯ ಚಿತ್ರಗಳಿವೆ. ಅಲ್ಲಿ ಜನ ಕಡಿಮೆ, ನಿಧಾನಕ್ಕೆ ನೋಡಬಹುದು.

ಗೆರೆ, ನಕ್ಷೆ ಬೇಕಿದ್ದರೆ ಕುಕನೂರು ಹತ್ತಿರದ ಇಟಗಿಗೆ ಹೋಗಿ. 1112ರಲ್ಲಿ ಕಟ್ಟಿದ ಮಹಾದೇವ ಗುಡಿ. ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಬಾಗಿಲವಾಡದ ಬಳ್ಳಿ, ಕಂಬದ ಸುತ್ತಿನ ಪಟ್ಟಿ, ಇವನ್ನೆಲ್ಲ ರಂಗೋಲಿಗೆ ಇಳಿಸಿಕೊಳ್ಳಬಹುದು. ನಾನು ಹೋದಾಗ ಒಂದು ಸಣ್ಣ ವಹಿ, ಒಂದು ಪೆನ್ಸಿಲ್ ಇಟ್ಟುಕೊಂಡಿರುತ್ತೇನೆ. ಫೋಟೋ ತೆಗೆದರೆ ಫೋನಿನಲ್ಲೇ ಉಳಿಯುತ್ತದೆ. ಕೈಯಿಂದ ಒಂದು ಸಲ ಬರೆದರೆ ಅದು ಕೈಗೆ ಬರುತ್ತದೆ, ಮುಂದಿನ ಹಬ್ಬಕ್ಕೆ ಅಂಗಳಕ್ಕೂ ಬರುತ್ತದೆ.

ಯಾವುದರಿಂದ ಶುರು ಮಾಡಲಿ?

ತೆಗೆಯುವುದರಿಂದ. ಶೋಕೇಸಿನಲ್ಲಿ ಇರುವ ಕಪ್‌ಗಳು, ಕೀಚೈನು, ಮದುವೆಗಳಲ್ಲಿ ಕೊಟ್ಟ ಪ್ಲಾಸ್ಟಿಕ್ ಹೂವು, ಹಳೆ ಕ್ಯಾಲೆಂಡರ್ ಎಲ್ಲ ಇಳಿಸಿ. ಒಂದು ವಾರ ಗೋಡೆ ಖಾಲಿ ಬಿಡಿ. ಬೆಳಿಗ್ಗೆ ಬಿಸಿಲು ಎಲ್ಲಿ ಬೀಳುತ್ತದೆ, ಸಂಜೆ ಎಲ್ಲಿ ಬೀಳುತ್ತದೆ, ಮನೆಯವರು ಎಲ್ಲಿ ಜಾಸ್ತಿ ಕೂರುತ್ತಾರೆ ನೋಡಿ. ಆಮೇಲೆ ಒಂದೇ ಒಂದು ವಸ್ತು ಇಡಿ. ಒಂದು ಗೋಡೆಗೆ ಒಂದು ಮುಖ್ಯ ವಸ್ತು ಸಾಕು.

ಕಿನ್ನಾಳದ ಗೊಂಬೆ ತರಬೇಕು ಅಂತ ಆಸೆ. ಅಸಲಿ ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಈ ಪ್ರಶ್ನೆಗೆ ಉದ್ದ ಉತ್ತರವೇ ಬೇಕು. ನಾನು ಇದರಲ್ಲಿ ಮೋಸ ಹೋಗಿದ್ದೇನೆ. ಕೆಲವು ವರ್ಷಗಳ ಹಿಂದೆ ದೊಡ್ಡ ಊರಿನ ಒಂದು ಅಂಗಡಿಯಲ್ಲಿ "ಕಿನ್ನಾಳ ಗರುಡ" ಎಂದು ಚೀಟಿ ಹಚ್ಚಿದ್ದ ಗೊಂಬೆ ಕಂಡೆ. ನಮ್ಮ ಊರಿನದು ಇಲ್ಲಿ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ಚೌಕಾಸಿ ಕೂಡ ಮಾಡದೆ ತಂದೆ. ಆರು ತಿಂಗಳಿಗೆ ಕೈ ತಾಗಿ ಕೆಳಗೆ ಬಿತ್ತು. ಮುರಿದ ರೆಕ್ಕೆಯ ಒಳಗೆ ಬರೀ ಬಿಳಿ ಪುಡಿ. ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟರ್! ಕೊಪ್ಪಳದಿಂದ ಅರ್ಧ ಗಂಟೆಯ ದಾರಿಯಲ್ಲಿ ಕಿನ್ನಾಳ ಇರುವಾಗ ಅದನ್ನು ಅಷ್ಟು ದೂರದಿಂದ ತಂದೆನಲ್ಲ ಎಂಬ ಸಂಕಟ ಬಹಳ ದಿನ ಇತ್ತು.

ಮುಂದಿನ ವಾರವೇ ಕಿನ್ನಾಳಕ್ಕೆ ಹೋದೆ. ಅಲ್ಲಿನ ಚಿತ್ರಗಾರ ಮನೆತನದವರು ತಲೆತಲಾಂತರದಿಂದ ಈ ಕೆಲಸ ಮಾಡುತ್ತಾರೆ. ವಿಜಯನಗರದ ಕಾಲದಲ್ಲಿ ಹಂಪಿಯ ಚಿತ್ರ ಬರೆದವರ ವಂಶ ತಮ್ಮದು ಎಂದು ಹೇಳಿಕೊಳ್ಳುತ್ತಾರೆ. ಗೊಂಬೆಗೆ ಬಳಸುವುದು ಪೊಳಕಿ ಎನ್ನುವ ಹಗುರ ಮರ. ತಲೆ, ಕೈ, ರೆಕ್ಕೆ ಬೇರೆ ಬೇರೆ ಕೆತ್ತಿ ಅಂಟಿನಿಂದ ಸೇರಿಸುತ್ತಾರೆ. ಸೇರಿಸಿದ ಕಡೆ ಸಂದು ಕಾಣಬಾರದಲ್ಲ, ಅದಕ್ಕೆ ಕಿಟ್ಟ ಮೆತ್ತುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸಿದ್ದೇ ಕಿಟ್ಟ. ಅದರ ಮೇಲೆ ಕಲ್ಲುಪುಡಿ ಮತ್ತು ಅಂಟಿನ ಹದದಿಂದ ಒಡವೆ, ಕಿರೀಟದ ಮಣಿ, ಸೀರೆಯ ಅಂಚು ಎಲ್ಲ ಉಬ್ಬಿಸುತ್ತಾರೆ. ಆಮೇಲೆ ಬಿಳಿ ಲೇಪ. ಕೊನೆಗೆ ಬಣ್ಣ.

ನಾನು ಹೋದಾಗ ಒಬ್ಬರು ಗೌರಿಯ ಕಣ್ಣು ಬರೆಯುತ್ತಿದ್ದರು. ಕುಂಚ ಎಷ್ಟು ಸಣ್ಣದೆಂದರೆ ಮೊನೆಯಲ್ಲಿ ನಾಲ್ಕೈದು ಕೂದಲು ಇದ್ದಂತೆ ಕಂಡಿತು. ಮೊಣಕೈಯನ್ನು ಮೊಣಕಾಲಿಗೆ ಊರಿ, ಉಸಿರು ಹಿಡಿದು, ಒಂದೇ ಎಳೆತಕ್ಕೆ ಹುಬ್ಬು ಎಳೆದರು. ಉಸಿರು ಬಿಟ್ಟರು. ಗೊಂಬೆ ತಿರುಗಿಸಿ ಇನ್ನೊಂದು ಹುಬ್ಬು ಎಳೆದರು. ಎರಡೂ ಹುಬ್ಬು ಅಳೆದಂತೆ ಒಂದೇ ಇರಲಿಲ್ಲ. ಎಡದ್ದು ಕೂದಲೆಳೆಯಷ್ಟು ಮೇಲಿತ್ತು. ಆ ಮುಖಕ್ಕೆ ಜೀವ ಬಂದಿದ್ದೇ ಅದರಿಂದ.

ಈಗ ಗುರುತಿಸುವುದು ಹೇಗೆ ಎಂಬ ಮಾತಿಗೆ ಬರೋಣ. ಕೈಯಲ್ಲಿ ಹಿಡಿಯಿರಿ, ಗಾತ್ರಕ್ಕೆ ಹೋಲಿಸಿದರೆ ಹಗುರ ಇರಬೇಕು. ಪ್ಲಾಸ್ಟರ್ ಭಾರ, ಮುಟ್ಟಿದರೆ ತಣ್ಣಗಿರುತ್ತದೆ. ತಳ ತಿರುಗಿಸಿ ನೋಡಿ, ಮರದ ಎಳೆ ಕಾಣುತ್ತದಾ? ಒಡವೆಯ ಮೇಲೆ ಬೆರಳಾಡಿಸಿ, ಉಬ್ಬು ತಾಗಬೇಕು. ಪಕ್ಕದಲ್ಲಿ ಅದೇ ಜಾತಿಯ ಇನ್ನೊಂದು ಗೊಂಬೆ ಇಟ್ಟು ನೋಡಿ. ಕೈಕೆಲಸ ಆದರೆ ಎರಡು ಮುಖ ಒಂದೇ ಆಗಿರುವುದಿಲ್ಲ. ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಇದೆ. ಆದರೂ ಚೀಟಿಯನ್ನಷ್ಟೇ ನಂಬಬೇಡಿ. ಆದಷ್ಟು ಊರಿಗೇ ಹೋಗಿ, ಮಾಡಿದವರ ಕೈಯಿಂದಲೇ ತನ್ನಿ. ಒಂದು ಗೊಂಬೆಗೆ ಎಷ್ಟು ದಿನ ಹಿಡಿಯುತ್ತದೆ ಎಂದು ಕಣ್ಣಾರೆ ನೋಡಿದ ಮೇಲೆ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ, ಮಾಡಲೂ ಬಾರದು.

ಅದನ್ನು ಎಲ್ಲಿ ಇಡಬೇಕು? ಹೇಗೆ ಒರೆಸಬೇಕು?

ಹಳೆ ಮನೆ ಆದರೆ ಗೋಡೆಯಲ್ಲಿ ಮಾಡ ಇರುತ್ತದಲ್ಲ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹೊಸ ಮನೆಯಲ್ಲಿ ಎದೆಮಟ್ಟದ ಸಣ್ಣ ಹಲಗೆ ಸಾಕು. ನೇರ ಬಿಸಿಲು ಬೇಡ, ಅಡುಗೆ ಮನೆಯ ಒಗ್ಗರಣೆ ಹೊಗೆಯೂ ಬೇಡ. ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ಒಣ ಮೆತ್ತನೆ ಕುಂಚದಿಂದ ಧೂಳು ಹೊಡೆದರೆ ಆಯಿತು.

ಸಂಡೂರಿನ ಲಂಬಾಣಿ ಕಸೂತಿ ಬಹಳ ಬಣ್ಣ ಬಣ್ಣ. ಮನೆಯಲ್ಲಿ ಹಾಕಿದರೆ ಜಾಸ್ತಿ ಆಗುವುದಿಲ್ಲವಾ?

ಎಲ್ಲ ಕಡೆ ಹಾಕಿದರೆ ಆಗುತ್ತದೆ. ಒಂದೇ ಕಡೆ ಹಾಕಿದರೆ ಆಗುವುದಿಲ್ಲ. ಬಿಳಿ ಗೋಡೆ, ಸಾದಾ ಹಾಸಿಗೆ, ಅದರ ಮೇಲೆ ಎರಡೇ ಎರಡು ಲಂಬಾಣಿ ದಿಂಬಿನ ಕವರು. ಕೋಣೆ ಪೂರ್ತಿ ಎದ್ದು ಕೂರುತ್ತದೆ.

ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ತಾಂಡಾದ ಹೆಣ್ಣುಮಕ್ಕಳು ಈ ಕೆಲಸ ಮಾಡುತ್ತಾರೆ. ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ಟ್ಯಾಗ್ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸೇರಿ ಮಾಡಿದ 1,755 ವಸ್ತುಗಳನ್ನು ಪ್ರದರ್ಶನಕ್ಕೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಅವರ ಸೂಜಿಗೆ ಅಂಥ ಶಕ್ತಿ ಇದೆ. ಕೊಳ್ಳುವಾಗ ಬಟ್ಟೆಯ ಹಿಂಭಾಗ ತಿರುಗಿಸಿ ನೋಡಿ. ಗಂಟು, ಹಾದುಹೋದ ದಾರ ಕಂಡರೆ ಕೈಹೊಲಿಗೆ. ಕನ್ನಡಿಯನ್ನು ಅಂಟಿಸಿದ್ದಾರಾ, ದಾರದಿಂದ ಸುತ್ತ ಕಟ್ಟಿದ್ದಾರಾ ಎಂದೂ ನೋಡಿ. ಅಂಟಿಸಿದ್ದು ಬಾಳಿಕೆ ಬರುವುದಿಲ್ಲ.

ನಮ್ಮ ಕಡೆ ಧೂಳು ವಿಪರೀತ. ಬಳ್ಳಾರಿಯಲ್ಲಿ ತಂಗಿಯ ಮನೆಯ ಕಿಟಕಿ ಒರೆಸಿದರೆ ಬಟ್ಟೆ ಕೆಂಪಾಗುತ್ತದೆ. ಅದಕ್ಕೆ ಅವಳು ಕನ್ನಡಿ ಕೆಲಸದ ದೊಡ್ಡ ತುಂಡನ್ನು ಗಾಜಿನ ಚೌಕಟ್ಟಿನೊಳಗೆ ಹಾಕಿಸಿದ್ದಾಳೆ. ದಿಂಬಿನ ಕವರುಗಳನ್ನು ತಣ್ಣೀರಿನಲ್ಲಿ, ಒಂದೊಂದೇ ಬೇರೆ ಬೇರೆ, ಕೈಯಿಂದ ಒಗೆಯುತ್ತಾಳೆ. ಮೊದಲ ಸಲ ಕೆಂಪು ಬಣ್ಣ ಬಿಡಬಹುದು, ಬಿಳಿ ಬಟ್ಟೆಯ ಜೊತೆ ಹಾಕಬೇಡಿ.

ತೊಗಲು ಗೊಂಬೆ ಮನೆಯಲ್ಲಿ ಇಡಬಹುದಾ?

ಖಂಡಿತ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಬಹಳ ಜನ ಇದನ್ನು ಕೇಳುತ್ತಿದ್ದಾರೆ. ಇಡೀ ಬದುಕನ್ನು ಗೊಂಬೆಯಾಟಕ್ಕೆ ಕೊಟ್ಟ ಅಜ್ಜಿ ಅವರು. ನಮ್ಮ ಜಿಲ್ಲೆಯ ಹೆಮ್ಮೆ.

ತೊಗಲು ಗೊಂಬೆಯ ಗುಟ್ಟು ಬೆಳಕಿನಲ್ಲಿದೆ. ತೊಗಲನ್ನು ಹದ ಮಾಡಿ ತೆಳ್ಳಗೆ ಮಾಡಿರುತ್ತಾರೆ, ಬೆಳಕು ಅದರೊಳಗಿಂದ ಹಾಯುತ್ತದೆ. ಗೋಡೆಗೆ ಒತ್ತಿ ನೇತುಹಾಕಿದರೆ ಕಪ್ಪು ಕಪ್ಪಾಗಿ ಕಾಣುತ್ತದೆ. ಎರಡು ಗಾಜಿನ ನಡುವೆ ಇಟ್ಟು ಹಿಂದೆ ಒಂದು ಸಣ್ಣ ಎಲ್‌ಇಡಿ ದೀಪ ಹಚ್ಚಿ. ಎಲ್‌ಇಡಿಯೇ ಇರಲಿ, ಬಿಸಿ ಆಗುವ ಹಳೆ ಬಲ್ಬು ಬೇಡ. ತೊಗಲು ಸುರುಟಿಕೊಳ್ಳುತ್ತದೆ. ಸಂಜೆ ಕರೆಂಟು ದೀಪ ಆರಿಸಿ ಆ ಒಂದೇ ದೀಪ ಹಚ್ಚಿದರೆ, ಹನುಮಂತನ ಬಾಲದ ತೂತುಗಳಿಂದ ಬೆಳಕು ಗೋಡೆ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಆಟ ಆಡಿ ಹಳೆಯದಾದ ಗೊಂಬೆಗಳನ್ನು ಕಲಾವಿದರ ಮನೆಯಿಂದ ಕಿತ್ತು ತರುವ ವ್ಯಾಪಾರಿಗಳೂ ಇದ್ದಾರೆ. ಅಂಥದ್ದು ಬೇಡ. ಅವರ ಆಟದ ಗೊಂಬೆ ಅವರ ಹತ್ತಿರವೇ ಇರಲಿ. ನಿಮಗೆ ಬೇಕಾದ್ದನ್ನು ಹೊಸದಾಗಿ ಮಾಡಿಸಿಕೊಳ್ಳಿ.

ಗೋಡೆಗೆ ಯಾವ ಬಣ್ಣ ಹಚ್ಚಲಿ?

ಸುಣ್ಣದ ಬಿಳಿಗೆ ನನ್ನ ಮತ. ಬಿಸಿಲು ನಾಡಿನಲ್ಲಿ ಕಣ್ಣಿಗೆ ತಂಪು, ಕಿನ್ನಾಳದ ಕೆಂಪು ಹಳದಿಯೂ ಅದರ ಮೇಲೆ ಚೆನ್ನಾಗಿ ಏಳುತ್ತದೆ. ಮಣ್ಣಿನ ಗೋಡೆ ಇದ್ದರೆ ಸುಣ್ಣವನ್ನೇ ಹಚ್ಚಿ. ಪ್ಲಾಸ್ಟಿಕ್ ಪೇಂಟು ಹಚ್ಚಿದರೆ ಗೋಡೆಯ ಪಸೆ ಹೊರಬರಲು ದಾರಿ ಇಲ್ಲದೆ ಹೊಪ್ಪಳಿಕೆ ಏಳುತ್ತದೆ. ಆದರೆ ಒಮ್ಮೆ ಪೇಂಟು ಹಚ್ಚಿದ ಗೋಡೆಯ ಮೇಲೆ ಸುಣ್ಣ ನಿಲ್ಲುವುದಿಲ್ಲ, ಕೆರೆದು ತೆಗೆಯಬೇಕು. ಗೋಡೆಯ ಬುಡದಲ್ಲಿ ಗೇಣುದ್ದ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ನಮ್ಮ ಹಳ್ಳಿಯ ಪದ್ಧತಿ. ಸಿಮೆಂಟು ಮನೆಯಲ್ಲೂ ಅದೇ ಬಣ್ಣದ ಪೇಂಟಿನಿಂದ ಎಳೆದು ನೋಡಿ. ಕಸ ಗುಡಿಸಿದ, ನೆಲ ಒರೆಸಿದ ಕಲೆ ಕಾಣುವುದಿಲ್ಲ, ಚೆಂದಕ್ಕೆ ಚೆಂದ.

ಚಿತ್ರವನ್ನು ಎಷ್ಟು ಎತ್ತರಕ್ಕೆ ಹಾಕಬೇಕು?

ಕಣ್ಣಿನ ಮಟ್ಟಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಯಾವಾಗಿನ ಕಣ್ಣು? ನಮ್ಮ ಪಡಸಾಲೆಯಲ್ಲಿ ಜನ ಚಾಪೆ ಹಾಸಿ ನೆಲದ ಮೇಲೆ ಕೂರುತ್ತಾರೆ. ಅಲ್ಲಿ ನಿಂತವರ ಕಣ್ಣಿನ ಲೆಕ್ಕ ಹಿಡಿದರೆ ಕೂತವರ ಕುತ್ತಿಗೆ ನೋಯುತ್ತದೆ. ಚಾಪೆ ಮೇಲೆ ಕೂತು, ಒಬ್ಬರಿಂದ ಚಿತ್ರ ಹಿಡಿಸಿ, ಅಲ್ಲಿಂದ ನೋಡಿ ಗುರುತು ಹಾಕಿ. ನಮ್ಮ ಮನೆಯ ದೇವರ ಫೋಟೋಗಳು ಜಂತಿಗೆ ಹತ್ತಿ ಕೂತಿದ್ದವು. ಎರಡು ಅಡಿ ಕೆಳಗಿಳಿಸಿದ ದಿನ ನಮ್ಮ ಅತ್ತೆ "ಇಷ್ಟ್ ವರ್ಷಕ್ಕ ದೇವರ ಮುಖ ಕಂಡ್ತು ನೋಡು" ಅಂದರು.

ಬಾಡಿಗೆ ಮನೆ. ಮೊಳೆ ಹೊಡೆಯಲು ಮಾಲೀಕರು ಬಿಡುವುದಿಲ್ಲ.

ಮೊಳೆ ಇಲ್ಲದೆಯೂ ಬಹಳ ಮಾಡಬಹುದು. ಒಂದು ಉದ್ದ ಹಲಗೆಯನ್ನು ಎರಡು ಇಟ್ಟಿಗೆ ಸಾಲಿನ ಮೇಲೆ ಇಡಿ, ಚಿತ್ರಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಕಿಟಕಿಯ ಸರಳಿಗೆ ಬಿದಿರಿನ ಕೋಲು ಕಟ್ಟಿ ಕೌದಿಯನ್ನು, ಅಂದರೆ ಹಳೆ ಬಟ್ಟೆ ಪದರ ಪದರ ಸೇರಿಸಿ ಹೊಲಿದ ಹೊದಿಕೆಯನ್ನು, ಪರದೆಯಂತೆ ಇಳಿಬಿಡಿ. ಹಳೆ ಇಳಕಲ್ ಸೀರೆ ಇದ್ದರೆ ಅದರ ಸೆರಗು ಒಂದೇ ಸಾಕು. ಟೋಪಿ ತೆನಿ ಎನ್ನುವ ಆ ಸೆರಗಿನ ಕೆಂಪು ಬಿಳಿ ನೇಯ್ಗೆಯನ್ನು ಮೀರಿಸುವ ಚಿತ್ರಪಟ ನಾನು ಇನ್ನೂ ನೋಡಿಲ್ಲ. ಹರಿದ ಸೀರೆಯನ್ನಷ್ಟೇ ಕತ್ತರಿಸಿ, ದಯವಿಟ್ಟು. ಗಟ್ಟಿ ಇರುವುದನ್ನು ಉಡಿ.

ಬೇಸಿಗೆಯಲ್ಲಿ ಮನೆಯನ್ನು ತಂಪಾಗಿ ಕಾಣುವಂತೆ ಮಾಡುವುದು ಹೇಗೆ?

ರಾಯಚೂರಿನಲ್ಲಿ 40 ಡಿಗ್ರಿ ದಾಟಿದಾಗ ಕಾಣುವುದಷ್ಟೇ ಸಾಲದು, ಆಗಬೇಕು. ಯುಗಾದಿಗೆ ಮುಂಚೆ ದಪ್ಪ ಪರದೆ, ಕಾರ್ಪೆಟ್ಟು, ವೆಲ್ವೆಟ್ ಕವರು ಎಲ್ಲ ಮಡಚಿಡಿ. ನೆಲ ಬರಿದಾಗಿರಲಿ, ಶಾಬಾದಿ ಕಲ್ಲು ತಾನೇ ತಂಪು. ಮಾಳಿಗೆಗೆ ದಪ್ಪಗೆ ಸುಣ್ಣ ಬಳಿಸಿ. ಪಡುವಣ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ಸಂಜೆ ನೀರು ಚಿಮುಕಿಸಿದರೆ ಗಾಳಿಯ ಜೊತೆ ಪರಿಮಳವೂ ಬರುತ್ತದೆ. ಪಡಸಾಲೆಯ ಮೂಲೆಯಲ್ಲಿ ಉಸುಕಿನ ಮೇಲೆ ಕೂತ ಕುಂಬಾರರ ಹರವಿ, ಮೇಲೆ ತಾಮ್ರದ ತಂಬಿಗೆ. ಬೇಸಿಗೆಗೆ ಇದಕ್ಕಿಂತ ಒಳ್ಳೆ ಅಲಂಕಾರ ಯಾವುದಿದೆ ಹೇಳಿ? ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಹಬ್ಬಕ್ಕೆ ತಕ್ಕ ಹಾಗೆ ಮನೆ ಬದಲಾಯಿಸಬೇಕು ಅನಿಸುತ್ತದೆ. ಪ್ರತಿ ಸಲ ಅದೇ ಪ್ಲಾಸ್ಟಿಕ್ ತೋರಣ ಆಗುತ್ತದೆ.

ನಮ್ಮ ಪಂಚಾಂಗವೇ ದೊಡ್ಡ ಅಲಂಕಾರದ ಪುಸ್ತಕ. ಒಂದೊಂದು ಹಬ್ಬಕ್ಕೂ ಅದರದೇ ವಸ್ತು ಇದೆ, ಅದೂ ಆ ಕಾಲದಲ್ಲಿ ಸುತ್ತಮುತ್ತ ಸಿಗುವಂಥದ್ದೇ.

ಯುಗಾದಿಗೆ ಮಾವು, ಬೇವು. ಬೇವಿನ ಹೂವು ಸಮೇತ ಕೊಂಬೆ ತಂದು ಹಿತ್ತಾಳೆ ಚೆಂಬಿನಲ್ಲಿ ನಿಲ್ಲಿಸಿ, ಎರಡು ದಿನ ಇರುತ್ತದೆ. ಕಾರ ಹುಣ್ಣಿಮೆಗೆ ಎತ್ತಿನ ಸಿಂಗಾರ. ಮನೆಯಲ್ಲಿ ಎತ್ತು ಇಲ್ಲದಿದ್ದರೂ ಕೊಂಬಿನ ಗೊಂಡೆ, ಗೆಜ್ಜೆಸರ ಇದ್ದರೆ ಬಾಗಿಲ ಪಕ್ಕ ನೇತುಹಾಕಿ. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ನನ್ನ ಮಟ್ಟಿಗೆ ಇದೇ ವರ್ಷದ ಅತಿ ಚೆಂದದ ಹಬ್ಬ.

ತವರಿನಲ್ಲಿ ಅವ್ವ ಹಿಂದಿನ ದಿನವೇ ಹೊಲದಿಂದ ಎರೆ ಮಣ್ಣು ತರಿಸುತ್ತಿದ್ದಳು. ಕಡ್ಡಿ, ಕಲ್ಲು ಆರಿಸಿ, ನೀರು ಹಾಕಿ, ರೊಟ್ಟಿ ಹಿಟ್ಟಿನ ಹಾಗೆ ನಾದುತ್ತಿದ್ದಳು. ಮೊದಲು ಮೈ, ಆಮೇಲೆ ಹಿಣಿಲು, ಅಂದರೆ ಹೆಗಲ ಮೇಲಿನ ಡುಬ್ಬ, ಎತ್ತಿ ಹಿಡಿಯುವುದು, ಕೊನೆಗೆ ಕೊಂಬು. ಕೊಂಬು ನಿಲ್ಲಲಿ ಎಂದು ಒಳಗೆ ಕಡ್ಡಿ ಸಿಕ್ಕಿಸುತ್ತಿದ್ದಳು. ಎರಡು ಎತ್ತು, ಮುಂದೆ ಒಂದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ. ಕಣ್ಣಿಗೆ ಜೋಳದ ಕಾಳು. ಸುಣ್ಣದ ಚುಕ್ಕಿ ಇಡುವುದು ನಮ್ಮ ಮಕ್ಕಳ ಪಾಲು. ಕಪ್ಪು ಮಣ್ಣಿನ ಮೇಲೆ ಆ ಬಿಳಿ ಕಣ್ಣು ಎಷ್ಟು ಎದ್ದು ಕಾಣುತ್ತಿತ್ತು ಅಂದರೆ, ರಾತ್ರಿ ಜಗಲಿಯಿಂದ ಯಾರೋ ನೋಡುತ್ತಿದ್ದಾರೆ ಅನಿಸುತ್ತಿತ್ತು. ಈಗ ಅಂಗಡಿಯಲ್ಲಿ ಬಣ್ಣ ಬಳಿದ ಪ್ಲಾಸ್ಟರ್ ಎತ್ತು ಸಿಗುತ್ತದೆ. ತರಬೇಡಿ. ಮಕ್ಕಳ ಕೈಗೆ ಒಂದು ಮುಷ್ಟಿ ಮಣ್ಣು ಕೊಡಿ, ಸೊಟ್ಟ ಆದರೂ ಪರವಾಗಿಲ್ಲ.

ಆಷಾಢದ ಮಂಗಳವಾರಗಳಿಗೆ ಮಣ್ಣಿನ ದೇವತೆ ಗುಳ್ಳವ್ವ, ಶ್ರಾವಣಕ್ಕೆ ನಾಗರ ಪಂಚಮಿಯ ಜೋಕಾಲಿ. ಜೋಕಾಲಿ ಹಗ್ಗಕ್ಕೆ ಹೂ ಸುತ್ತಿ, ಹಲಗೆ ಮೇಲೆ ಕೌದಿ ಹಾಸಿ, ಪಡಸಾಲೆಯಲ್ಲಿ ತಿಂಗಳಿಡೀ ಬಿಡಬಹುದು. ಆದರೆ ಹಗ್ಗ ಕಟ್ಟುವ ತೊಲೆ ಗಟ್ಟಿ ಇದೆಯಾ ನೋಡಿಕೊಳ್ಳಿ.

ದಸರಾಕ್ಕೆ ಮೈಸೂರು ಕಡೆಯ ಹಾಗೆ ಗೊಂಬೆ ಕೂರಿಸಬೇಕಾ ಎಂದು ಕೇಳುವವರಿದ್ದಾರೆ. ಇಷ್ಟ ಇದ್ದರೆ ಕೂರಿಸಿ, ಕಿನ್ನಾಳದವು ಅದಕ್ಕೆ ಬಹಳ ಒಪ್ಪುತ್ತವೆ. ನಮ್ಮ ಕಡೆಯ ಘಟವೂ ಕಡಿಮೆಯಲ್ಲ. ಮಣ್ಣಿನಲ್ಲಿ ಬಿತ್ತಿದ ಕಾಳು ಒಂಬತ್ತು ದಿನದಲ್ಲಿ ಮೊಳಕೆಯಾಗಿ, ಹಸಿರಾಗಿ, ದೇವರ ಮುಂದೆ ಒಂದು ಪುಟ್ಟ ಹೊಲವೇ ಏಳುತ್ತದೆ. ದೀಪಾವಳಿಗೆ ಸಗಣಿಯ ಪಾಂಡವರನ್ನು ಮಾಡಿ ಚೆಂಡು ಹೂ ಸಿಕ್ಕಿಸುವುದು, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ. ತಟ್ಟೆಯಲ್ಲಿ ಸಕ್ಕರೆಯ ಗಿಳಿ, ತೇರು, ಗೋಪುರ ಜೋಡಿಸಿ ಪಕ್ಕದಲ್ಲಿ ದೀಪ ಇಟ್ಟರೆ ಅದಕ್ಕೆ ಬೇರೆ ಏನೂ ಬೇಕಾಗುವುದಿಲ್ಲ. ಇರುವೆಗಳಿಂದ ಕಾಪಾಡಲು ತಟ್ಟೆಯನ್ನು ನೀರಿನ ಪರಾತದಲ್ಲಿ ಇಡಿ.

ಭತ್ತದ ತೆನೆಯ ತೋರಣ ಎಲ್ಲಿ ಸಿಗುತ್ತದೆ?

ಗಂಗಾವತಿ, ಸಿಂಧನೂರು ಕಡೆ ಕೊಯ್ಲಿನ ಹೊತ್ತಿಗೆ ನೆಂಟರಿಗೆ ಹೇಳಿದರೆ ಒಂದು ಹಿಡಿ ತೆನೆ ಸುಮ್ನೆ ಕೊಡುತ್ತಾರೆ. ದಂಟು ಇನ್ನೂ ಹಸಿ ಇರುವಾಗಲೇ ಹೆಣೆಯಬೇಕು, ಒಣಗಿದ ಮೇಲೆ ಮುರಿಯುತ್ತದೆ. ಹೆಣೆದು ನೆರಳಲ್ಲಿ ಒಣಗಿಸಿ ಬಾಗಿಲಿಗೆ ಕಟ್ಟಿ. ಗುಬ್ಬಿಗಳು ಬಂದು ಕಾಳು ತಿನ್ನುತ್ತವೆ. ತಿನ್ನಲಿ ಬಿಡಿ, ಕಟ್ಟಿದ್ದೇ ಅದಕ್ಕೆ.

ಚಿಂದಿ ಬಟ್ಟೆಯಿಂದ ಏನಾದರೂ ಮಾಡಬಹುದಾ?

ಕೌದಿ! ಹಳೆ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲ ಪದರ ಪದರ ಜೋಡಿಸಿ ಓಡುಹೊಲಿಗೆ ಹಾಕಿದರೆ ಆಯಿತು. ಬಳ್ಳಾರಿಯವರಿಗೆ ಇನ್ನೊಂದು ಅನುಕೂಲ ಇದೆ. ಅಲ್ಲಿ ಮನೆಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ, ಕತ್ತರಿಸಿ ಉಳಿದ ತುಂಡು ರಾಶಿ ಬೀಳುತ್ತದೆ. ತಂಗಿ ಅಂಥ ತುಂಡುಗಳನ್ನು ಚೌಕ ಚೌಕ ಕತ್ತರಿಸಿ, ಕಡು ನೀಲಿಯಿಂದ ತಿಳಿ ನೀಲಿಗೆ ಇಳಿಯುವ ಹಾಗೆ ಜೋಡಿಸಿ ಬಾಗಿಲ ಮುಂದಿನ ಹಾಸು ಮಾಡಿದ್ದಾಳೆ. ನಾಲ್ಕು ವರ್ಷದಿಂದ ಹಾಗೇ ಇದೆ. ಕೈಸೂಜಿ ಓಡುವುದಿಲ್ಲ, ದಪ್ಪ ಸೂಜಿಯ ಮಶೀನು ಬೇಕು.

ಆನೆಗೊಂದಿಯ ಬಾಳೆ ನಾರಿನ ವಸ್ತುಗಳು ಬಾಳಿಕೆ ಬರುತ್ತವೆಯಾ?

ಬರುತ್ತವೆ, ನೀರು ತಾಗದಿದ್ದರೆ. ಬುಟ್ಟಿ, ಚಾಪೆ, ಊಟದ ಮೇಜಿನ ಹಾಸು ಎಲ್ಲ ಅಲ್ಲಿನ ಹೆಣ್ಣುಮಕ್ಕಳು ಹೆಣೆಯುತ್ತಾರೆ. ಮಳೆಗಾಲದಲ್ಲಿ ಬೂಸ್ಟು ಹಿಡಿದರೆ ಬಿಸಿಲಿಗೆ ಇಟ್ಟು ಒಣ ಕುಂಚದಿಂದ ತಿಕ್ಕಿ.

ಮಕ್ಕಳು ಗೋಡೆ ಮೇಲೆ ಗೀಚುತ್ತಾರೆ. ಹೇಗೆ ತಡೆಯಲಿ?

ಒಂದು ಗೋಡೆ ಅವರಿಗೇ ಕೊಟ್ಟುಬಿಡಿ. ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಬಂಡೆಯ ಮೇಲೆ ಕುಟ್ಟಿ ಎತ್ತುಗಳನ್ನು ಬಿಡಿಸಿದ್ದಾರೆ. ಮಕ್ಕಳನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಕಲ್ಲಿನ ಕೊಡಲಿಗಳನ್ನು ತೋರಿಸಿ. ಮನೆಗೆ ಬಂದು ಕೆಮ್ಮಣ್ಣು ಬಳಿದ ಗೋಡೆಗೆ ಸುಣ್ಣದಲ್ಲಿ ಅದ್ದಿದ ಬೆರಳಿನಿಂದ ಎತ್ತು ಬರೆಯಲು ಬಿಡಿ. ಉದ್ದ ಕೊಂಬು, ದೊಡ್ಡ ಹಿಣಿಲು, ನಾಲ್ಕು ಗೆರೆ ಕಾಲು. ನನ್ನ ಮಗ ಬರೆದ ಮೂರು ಎತ್ತು ಹಿತ್ತಲ ಗೋಡೆಯಲ್ಲಿ ಇನ್ನೂ ಇವೆ. ಬಂದವರು ಅವುಗಳ ಮುಂದೆಯೇ ಜಾಸ್ತಿ ಹೊತ್ತು ನಿಲ್ಲುತ್ತಾರೆ.

ಹೊಲದಲ್ಲಿ ಹಳೆ ಕೆತ್ತನೆಯ ಕಲ್ಲು ಸಿಕ್ಕಿದೆ. ಅಂಗಳದಲ್ಲಿ ಇಡಬಹುದಾ?

ಬೇಡ. ವೀರಗಲ್ಲು ಇರಲಿ, ಒಡೆದ ಮೂರ್ತಿ ಇರಲಿ, ಅದು ನಿಂತ ಜಾಗದಲ್ಲೇ ಅದಕ್ಕೆ ಅರ್ಥ. ಎತ್ತಿ ತಂದರೆ ಊರಿನ ಒಂದು ಸಾಕ್ಷಿ ಹೋದ ಹಾಗೆ. 1972ರ ಕಾನೂನಿನಲ್ಲಿ 100 ವರ್ಷ ದಾಟಿದ ಇಂಥ ಕೆತ್ತನೆಗಳು ಪುರಾತನ ವಸ್ತು, ಲೈಸೆನ್ಸ್ ಇಲ್ಲದೆ ಮಾರಲೂ ಬಾರದು. ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ಅಂಗಳಕ್ಕೆ ಕಲ್ಲೇ ಬೇಕಿದ್ದರೆ ನಿಮ್ಮ ಅಜ್ಜಿಯ ಬೀಸುವ ಕಲ್ಲು ಎಲ್ಲಿದೆ ಹುಡುಕಿ. ಕೆಳಗಿನ ಕಲ್ಲಿನ ಮೇಲೆ ನೀರಿನ ಬಟ್ಟಲು ಇಟ್ಟು ಹೂ ತೇಲಿಬಿಡಿ.

ಹಿತ್ತಾಳೆ ಸಾಮಾನು ಕಪ್ಪಾಗಿದೆ.

ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ ತೊಳೆದು ಕೂಡಲೇ ಒಣ ಬಟ್ಟೆಯಿಂದ ಒರೆಸಿ. ನೀರು ಹಾಗೇ ಬಿಟ್ಟರೆ ನಮ್ಮ ಬೋರ್‌ವೆಲ್ಲಿನ ಗಡಸು ನೀರು ಬಿಳಿ ಕಲೆ ಬಿಡುತ್ತದೆ.

ದುಡ್ಡು ಜಾಸ್ತಿ ಇಲ್ಲ. ವರ್ಷಕ್ಕೆ ಒಂದೇ ವಸ್ತು ಕೊಳ್ಳಬಹುದು ಅಂದರೆ ಯಾವುದು?

ಕಿನ್ನಾಳದ ಒಂದು ಸಣ್ಣ ಗೊಂಬೆ. ಗಿಳಿಯೋ, ಆನೆಯೋ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಹತ್ತು ಅಗ್ಗದ ವಸ್ತು ಕೊಳ್ಳುವ ಆಸೆ ಆಗುತ್ತದೆ, ಅದನ್ನು ತಡೆದರೆ ಆ ದುಡ್ಡಿಗೆ ಇದು ಬಂತು. ಉಳಿದದ್ದೆಲ್ಲ ಮಣ್ಣು, ತೆನೆ, ಬೇವು, ಹಳೆ ಸೀರೆ. ಅವಕ್ಕೆ ಖರ್ಚಿಲ್ಲ.

ಹಬ್ಬ ಮುಗಿದ ಮೇಲೆ ಇದನ್ನೆಲ್ಲ ಏನು ಮಾಡುವುದು?

ಬಟ್ಟೆಯ ವಸ್ತುಗಳನ್ನು ಒಣಗಿದ ಬೇವಿನ ಎಲೆಯ ಜೊತೆ ಹಳೆ ಹತ್ತಿ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಯಾವ ಗಂಟಿನಲ್ಲಿ ಏನಿದೆ ಎಂದು ಚೀಟಿ ಹಚ್ಚಿ, ಇಲ್ಲದಿದ್ದರೆ ಮುಂದಿನ ವರ್ಷ ಎಲ್ಲ ಬಿಚ್ಚಬೇಕಾಗುತ್ತದೆ. ಒಣಗಿದ ಮಾವಿನ ತೋರಣ, ಹೂವು ಗೊಬ್ಬರದ ಗುಂಡಿಗೆ.

ಮಣ್ಣೆತ್ತುಗಳನ್ನು ನಾವು ತುಳಸಿ ಕಟ್ಟೆಯ ಮೇಲೆ ಇಡುತ್ತೇವೆ. ಆಷಾಢದ ಮಳೆ ಬಿದ್ದ ಹಾಗೆ ಮೊದಲು ಸುಣ್ಣದ ಚುಕ್ಕಿ ಹೋಗುತ್ತದೆ, ಆಮೇಲೆ ಕೊಂಬು, ಆಮೇಲೆ ಹಿಣಿಲು. ಹೋದ ವರ್ಷ ಒಂದು ಎತ್ತಿನ ಕಣ್ಣಿಗೆ ಇಟ್ಟಿದ್ದ ಜೋಳದ ಕಾಳು ಅಲ್ಲೇ ಮೊಳಕೆ ಒಡೆದಿತ್ತು. ಕೀಳಲು ಮನಸ್ಸು ಬರಲಿಲ್ಲ. ತುಳಸಿಯ ಪಕ್ಕ ಮೊಣಕಾಲುದ್ದ ಬೆಳೆಯಿತು.